ಟ್ಯೂರಿನ್ ಶವವಸ್ತ್ರ: ಒಮ್ಮೆ ಅಸಲಿ, ಒಮ್ಮೆ ನಕಲಿ ಎನ್ನುವ ಸುದ್ದಿಗಳ ಹಿಂದೆ ಏನಿದೆ?

2024ರ ಆಗಸ್ಟ್‌ನಲ್ಲಿ ಒಂದು ಸುದ್ದಿ ಜಗತ್ತನ್ನೆಲ್ಲ ಸುತ್ತಿತು: ಯೇಸುವಿನ ದೇಹಕ್ಕೆ ಸುತ್ತಿದ್ದೆಂದು ನಂಬಲಾದ, ಇಟಲಿಯ ಟ್ಯೂರಿನ್‌ನ ಬಟ್ಟೆ ನಿಜವಾಗಿಯೂ 2,000 ವರ್ಷ ಹಳೆಯದು, ಕ್ಷ-ಕಿರಣ ಪರೀಕ್ಷೆ ಅದನ್ನು ತೋರಿಸಿದೆ. ವರ್ಷ ತುಂಬುವ ಮೊದಲೇ, 2025ರ ಜುಲೈ ಕೊನೆಯಲ್ಲಿ ಇನ್ನೊಂದು ಸುದ್ದಿ ಬಂತು: ಬ್ರೆಜಿಲ್‌ನ ಸಂಶೋಧಕರೊಬ್ಬರು ಕಂಪ್ಯೂಟರಿನಲ್ಲಿ ಮಾಡಿದ ಪ್ರಯೋಗದ ಪ್ರಕಾರ ಆ ಬಟ್ಟೆಯನ್ನು ಯಾರ ದೇಹದ ಮೇಲೂ ಹೊದಿಸಿರಲಿಲ್ಲ. ಅದಾಗಿ ಒಂದೇ ತಿಂಗಳಿಗೆ ಮೂರನೆಯದು: 14ನೇ ಶತಮಾನದ ವಿದ್ವಾಂಸರೊಬ್ಬರು ಅದನ್ನು ಆಗಲೇ ಮೋಸವೆಂದು ಬರೆದಿಟ್ಟಿದ್ದರು.

ಮೂರನ್ನೂ ಓದಿದವರಿಗೆ ತಲೆ ಕೆಡುವುದು ಸಹಜ. ಇಲ್ಲಿ ಪ್ರಶ್ನೆ ಒಂದಲ್ಲ, ಹಲವು. ಬಟ್ಟೆ ಎಷ್ಟು ಹಳೆಯದು ಎಂಬುದು ಒಂದು ಪ್ರಶ್ನೆ. ಅದರ ಮೇಲಿನ ಚಿತ್ರ ಮೂಡಿದ್ದು ಹೇಗೆ ಎಂಬುದು ಬೇರೆಯೇ ಪ್ರಶ್ನೆ. ಅದು ಭಕ್ತಿಗೆ ಯೋಗ್ಯವೇ ಎಂಬುದು ಇವೆರಡಕ್ಕೂ ಸೇರದ ಮೂರನೆಯದು. ಪ್ರತಿ ಸಂಶೋಧನೆಯೂ ಇವುಗಳಲ್ಲಿ ಯಾವುದೋ ಒಂದರ ಚೂರನ್ನು ಹಿಡಿದು ಮಾತಾಡುತ್ತದೆ. ತಲೆಬರಹ ಮಾತ್ರ ಎಲ್ಲಕ್ಕೂ ಒಟ್ಟಿಗೇ ತೀರ್ಪು ಕೊಟ್ಟುಬಿಡುತ್ತದೆ. ಗೊಂದಲ ಹುಟ್ಟುವುದು ಅಲ್ಲಿ.

ಬಟ್ಟೆಯ ಮೇಲೆ ಇರುವುದೇನು

ಕನ್ನಡ ಬೈಬಲ್ ಓದಿದವರಿಗೆ ‘ನಾರುಮಡಿ’ ಎಂಬ ಪದ ಗೊತ್ತು. ಅಗಸೆ ಗಿಡದ ಕಾಂಡದ ನಾರನ್ನು ನೂತು ನೆಯ್ದ ಬಟ್ಟೆ, ಅಂದರೆ ಲಿನನ್. ಟ್ಯೂರಿನ್‌ನಲ್ಲಿರುವುದು ಅಂಥದೇ ಒಂದು ಉದ್ದನೆಯ ವಸ್ತ್ರ: ಸುಮಾರು 4.4 ಮೀಟರ್ ಉದ್ದ, 1.1 ಮೀಟರ್ ಅಗಲ. ಒಂದು ಎಳೆ ಅಡ್ಡಲಾಗಿ ಮೂರು ಎಳೆಗಳನ್ನು ದಾಟಿ ನಾಲ್ಕನೆಯದರಲ್ಲಿ ಮುಳುಗುವಂತೆ, ಮೀನಿನ ಮುಳ್ಳಿನ ಸಾಲಿನ ಹಾಗೆ ಕಾಣುವ ನೆಯ್ಗೆ.

ಅದರ ಮೇಲೆ ಒಬ್ಬ ಗಡ್ಡಧಾರಿಯ ಪೂರ್ಣ ಆಕೃತಿ ಎರಡು ಸಲ ಮೂಡಿದೆ. ಅರ್ಧ ಬಟ್ಟೆಯಲ್ಲಿ ಮುಂಭಾಗ, ಇನ್ನರ್ಧದಲ್ಲಿ ಬೆನ್ನು. ಎರಡು ತಲೆಗಳು ನಡುವಿನಲ್ಲಿ ಒಂದಕ್ಕೊಂದು ಎದುರು. ಕೆಳಗೆ ಹಾಸಿದ ಬಟ್ಟೆಯ ಮೇಲೆ ಶವ ಮಲಗಿಸಿ, ಉಳಿದರ್ಧವನ್ನು ತಲೆಯ ಮೇಲಿಂದ ಕಾಲಿನವರೆಗೆ ಹೊದಿಸಿದರೆ ಬರುವ ಜೋಡಣೆ ಇದು. ಬಣ್ಣ ಒಣ ಹುಲ್ಲಿನಂಥ ತೆಳು ಹಳದಿ. ಒಂದೆರಡು ಮೀಟರ್ ದೂರ ನಿಂತರೆ ಆಕೃತಿ ಕಾಣುತ್ತದೆ, ಮುಖ ಹತ್ತಿರ ತಂದರೆ ಕರಗಿಹೋಗುತ್ತದೆ. ಈ ಹಳದಿ ಬಟ್ಟೆಯ ಒಳಕ್ಕೆ ಇಳಿದಿಲ್ಲ. ಎಳೆಯ ಹೊರಮೈಯ ಕೆಲವೇ ನಾರುಗಳಿಗೆ ಮಾತ್ರ ತಾಗಿದೆ. ಮಣಿಕಟ್ಟು, ಪಾದ, ಪಕ್ಕೆ ಮತ್ತು ಹಣೆಯಲ್ಲಿ ರಕ್ತದಂಥ ಕೆಂಪು ಗುರುತುಗಳಿವೆ. ಎರಡೂ ಬದಿ ಉದ್ದಕ್ಕೂ ಕಾಣುವ ಸುಟ್ಟ ಗೆರೆಗಳು ಮತ್ತು ತ್ರಿಕೋನದ ತೂತುಗಳು 1532ರ ಬೆಂಕಿಯವು. ಬಟ್ಟೆ ಆಗ ಇದ್ದ, ಈಗಿನ ಫ್ರಾನ್ಸ್‌ನ ಷಾಂಬೆರಿಯ ಚಾಪೆಲ್‌ಗೆ ಬೆಂಕಿ ಬಿದ್ದಾಗ ಬೆಳ್ಳಿಯ ಪೆಟ್ಟಿಗೆ ಕಾದು, ಕರಗಿದ ಬೆಳ್ಳಿ ಮಡಿಸಿಟ್ಟ ಬಟ್ಟೆಯ ಪದರಗಳನ್ನು ಸುಟ್ಟು ಇಳಿದಿತ್ತು. ಎರಡು ವರ್ಷಗಳ ಬಳಿಕ ಸನ್ಯಾಸಿನಿಯರು ತೇಪೆ ಹಾಕಿ ಹೊಲಿದರು.

ದಾಖಲೆ ಶುರುವಾಗುವುದು ಲಿರೆಯಲ್ಲಿ

ಈ ಬಟ್ಟೆಯ ಬಗ್ಗೆ ಸಂಶಯವಿಲ್ಲದ ಮೊದಲ ದಾಖಲೆಗಳು ಸಿಗುವುದು ಫ್ರಾನ್ಸ್‌ನ ಟ್ರಾಯ್ ಬಳಿಯ ಲಿರೆ ಎಂಬ ಸಣ್ಣ ಊರಲ್ಲಿ, 1350ರ ದಶಕದಲ್ಲಿ. ಒಡೆಯ ಜೊಫ್ರುವಾ ದ ಷಾರ್ನಿ ಎಂಬ ಯೋಧ. ಅವನು 1356ರಲ್ಲಿ ಪ್ವಾತಿಯೆ ಯುದ್ಧದಲ್ಲಿ ಸತ್ತ. ಬಟ್ಟೆ ತನ್ನ ಕೈಗೆ ಹೇಗೆ ಬಂತೆಂದು ಅವನು ಬರೆದಿಟ್ಟದ್ದು ಯಾವುದೂ ಉಳಿದಿಲ್ಲ. ಆ ಕಾಲದ ಯಾತ್ರಿಕರು ಕೊಂಡು ಹೋಗುತ್ತಿದ್ದ ಸೀಸದ ಬಿಲ್ಲೆಯೊಂದು 19ನೇ ಶತಮಾನದಲ್ಲಿ ಪ್ಯಾರಿಸ್‌ನ ಸೇನ್ ನದಿಯ ಕೆಸರಿನಲ್ಲಿ ಸಿಕ್ಕಿತು. ಅದರಲ್ಲಿ ಹಿಂದುಮುಂದಿನ ಎರಡು ಆಕೃತಿಗಳೂ ಇವೆ, ಮೀನಿನ ಮುಳ್ಳಿನ ನೆಯ್ಗೆಯೂ ಇದೆ, ಷಾರ್ನಿ ಮನೆತನದ ಲಾಂಛನವೂ ಇದೆ. ಹಾಗಾಗಿ ಲಿರೆಯಲ್ಲಿ ತೋರಿಸುತ್ತಿದ್ದದ್ದು ಇದೇ ಬಟ್ಟೆ ಎನ್ನುವುದರಲ್ಲಿ ಹೆಚ್ಚು ತಕರಾರಿಲ್ಲ.

1389ರಲ್ಲಿ ಟ್ರಾಯ್‌ನ ಬಿಷಪ್ ಪಿಯೆರ್ ದಾರ್ಸಿ, ರೋಮ್‌ನ ಪೋಪ್‌ಗೆ ಪ್ರತಿಯಾಗಿ ಫ್ರಾನ್ಸ್ ಕಡೆಯ ಅವಿನ್ಯೊದಲ್ಲಿದ್ದ ಪೋಪ್ ಏಳನೇ ಕ್ಲೆಮೆಂಟ್‌ಗೆ ದೂರು ಬರೆದರು: ಸುಮಾರು ಮೂವತ್ತು ವರ್ಷಗಳ ಹಿಂದೆಯೇ ತಮ್ಮ ಹಿಂದಿನ ಬಿಷಪ್ ವಿಚಾರಣೆ ನಡೆಸಿದ್ದರು, ಇದು ಕೈಯಿಂದ ಮಾಡಿದ್ದೆಂದು ಮಾಡಿದವನೇ ಒಪ್ಪಿಕೊಂಡಿದ್ದ. ಕ್ಲೆಮೆಂಟ್ ನಡುದಾರಿ ಹಿಡಿದರು. 1390ರಲ್ಲಿ ಪ್ರದರ್ಶನಕ್ಕೆ ಅನುಮತಿ ಕೊಟ್ಟರು. ಆದರೆ ಇದು ಕ್ರಿಸ್ತನ ನಿಜವಾದ ಶವವಸ್ತ್ರವಲ್ಲ, ಅದರ ಪ್ರತಿರೂಪ ಮಾತ್ರ ಎಂದು ಗಟ್ಟಿಯಾಗಿ ಹೇಳಿ ತೋರಿಸಬೇಕೆಂದು ಷರತ್ತು ಹಾಕಿದರು.

1453ರಲ್ಲಿ ಬಟ್ಟೆ ಸವೊಯ್ ರಾಜಮನೆತನದ ಪಾಲಾಯಿತು, 1578ರಲ್ಲಿ ಟ್ಯೂರಿನ್‌ಗೆ ಬಂತು, 1983ರಲ್ಲಿ ಇಟಲಿಯ ಕೊನೆಯ ದೊರೆ ಎರಡನೇ ಉಂಬರ್ತೊ ಅದನ್ನು ಪೋಪ್‌ಗೆ ಉಯಿಲು ಬರೆದು ತೀರಿಕೊಂಡರು.

ಬಟ್ಟೆಯ ಪರವಾಗಿ ವಾದಿಸುವವರು 1350ರ ಹಿಂದಕ್ಕೂ ದಾರಿ ಹುಡುಕುತ್ತಾರೆ. 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಲೂಟಿಯಾಗುವ ಮುನ್ನ ಅಲ್ಲಿ ಕ್ರಿಸ್ತನ ಶವವಸ್ತ್ರವೊಂದನ್ನು ತೋರಿಸುತ್ತಿದ್ದರೆಂದು ರೊಬೆರ್ ದ ಕ್ಲಾರಿ ಎಂಬ ಸೈನಿಕ ಬರೆದಿದ್ದಾನೆ. ಅದೇ ಇದಾಗಿರಬಹುದು ಎನ್ನುವುದು ಅವರ ವಾದ. ಆಗಿರಬಹುದು. ಆದರೆ 1204ರಿಂದ 1350ರವರೆಗಿನ ಒಂದೂವರೆ ಶತಮಾನವನ್ನು ದಾಟಿಸುವ ಗಟ್ಟಿ ದಾಖಲೆ ಒಂದೂ ಇಲ್ಲ. ಶವವಸ್ತ್ರಗಳೆಂದು ಹೇಳಿಕೊಳ್ಳುವ ಬಟ್ಟೆಗಳು ಮಧ್ಯಯುಗದ ಯುರೋಪಿನಲ್ಲಿ ಹಲವು ಇದ್ದವು ಎನ್ನುವುದನ್ನೂ ಮರೆಯಬಾರದು.

1988ರ ಪರೀಕ್ಷೆ: ಅಗಸೆ ಕೊಯ್ದದ್ದು ಯಾವಾಗ

ಗಿಡ ಬದುಕಿರುವಷ್ಟು ದಿನ ಗಾಳಿಯಿಂದ ಇಂಗಾಲ ತೆಗೆದುಕೊಳ್ಳುತ್ತದೆ. ಅದರಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ರೂಪವೂ ಅತ್ಯಲ್ಪ ಪ್ರಮಾಣದಲ್ಲಿ ಸೇರಿರುತ್ತದೆ. ಗಿಡ ಕಿತ್ತ ದಿನ ಒಳಬರುವುದು ನಿಲ್ಲುತ್ತದೆ, ಇರುವುದು ಕರಗುತ್ತ ಹೋಗುತ್ತದೆ. 5,730 ವರ್ಷಕ್ಕೆ ಅರ್ಧವಾಗುತ್ತದೆ. ಉಳಿದದ್ದನ್ನು ಅಳೆದರೆ ಅಗಸೆ ಕೊಯ್ದು ಎಷ್ಟು ಕಾಲವಾಯಿತೆಂದು ಲೆಕ್ಕ ಸಿಗುತ್ತದೆ.

1988ರ ಏಪ್ರಿಲ್ 21ರಂದು ಬಟ್ಟೆಯ ಒಂದು ಮೂಲೆಯಿಂದ ಸುಮಾರು 1 ಸೆಂ.ಮೀ. ಅಗಲ, 7 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಲಾಯಿತು. ಅದರಿಂದ ತಲಾ 50 ಮಿಲಿಗ್ರಾಂ ಆಸುಪಾಸಿನ ತುಂಡುಗಳು ಅಮೆರಿಕದ ಅರಿಜೋನಾ, ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಸ್ವಿಟ್ಜರ್ಲೆಂಡಿನ ಜೂರಿಕ್ ಪ್ರಯೋಗಾಲಯಗಳಿಗೆ ಹೋದವು. ಜೊತೆಗೆ ವಯಸ್ಸು ಬೇರೆ ದಾರಿಯಿಂದ ತಿಳಿದಿದ್ದ ಮೂರು ಹಳೆಯ ಬಟ್ಟೆಗಳ ಮಾದರಿಗಳನ್ನೂ ಕೊಡಲಾಗಿತ್ತು. ಯಂತ್ರ ಮತ್ತು ವಿಧಾನ ಸರಿಯಿವೆಯೇ ಎಂದು ನೋಡಲು ಇದು ಬೇಕೇ ಬೇಕು. ಪ್ರತಿ ತುಂಡನ್ನೂ ಆಮ್ಲ, ಕ್ಷಾರಗಳಲ್ಲಿ ತೊಳೆದು, ಸುಟ್ಟು, ಬಂದ ಇಂಗಾಲದ ಪರಮಾಣುಗಳನ್ನು ಎಣಿಸಲಾಯಿತು. ಆ ಮೂರು ಹಳೆಯ ಬಟ್ಟೆಗಳ ವಯಸ್ಸು ಸರಿಯಾಗಿ ಬಂತು. ಶವವಸ್ತ್ರಕ್ಕೆ ಬಂದ ಉತ್ತರ: ಕ್ರಿ.ಶ. 1260ರಿಂದ 1390, ಶೇ 95ರ ಖಚಿತತೆಯೊಂದಿಗೆ. ಲಿರೆಯಲ್ಲಿ ಬಟ್ಟೆ ಕಾಣಿಸಿಕೊಂಡ 1350ರ ದಶಕ ಆ ಅವಧಿಯೊಳಗೇ ಬೀಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾರಿಗಳು, ಒಂದು ಚರಿತ್ರೆಯದು, ಇನ್ನೊಂದು ಭೌತವಿಜ್ಞಾನದ್ದು, ಒಂದೇ ಜಾಗಕ್ಕೆ ತಂದು ನಿಲ್ಲಿಸಿವೆ. ಈ ಫಲಿತಾಂಶದ ಬಲ ಇರುವುದು ಮುಖ್ಯವಾಗಿ ಅಲ್ಲಿ.

ಆಕ್ಷೇಪಗಳು ಎಷ್ಟು ಗಟ್ಟಿ

ಮೊದಲ ಆಕ್ಷೇಪ ಕೊಳೆಯದು. ಶತಮಾನಗಳ ಕೈಬೆವರು, ಮೇಣದ ಹೊಗೆ, ಸೂಕ್ಷ್ಮಜೀವಿಗಳ ಪದರ, 1532ರ ಬೆಂಕಿ ಎಲ್ಲ ಸೇರಿ ಹೊಸ ಇಂಗಾಲ ತುಂಬಿ ಬಟ್ಟೆಯನ್ನು ಎಳೆಯದಾಗಿ ತೋರಿಸಿರಬಹುದಲ್ಲ? ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಒಂದನೇ ಶತಮಾನದ ಬಟ್ಟೆಯಲ್ಲಿ ಮೂಲ ಇಂಗಾಲ-14ರ ಸುಮಾರು ಶೇ 78 ಉಳಿದಿರಬೇಕು. 1988ರಲ್ಲಿ ಅಳೆದದ್ದು ಸುಮಾರು ಶೇ 92. ಈ ಅಂತರ ತುಂಬಬೇಕಾದರೆ ತುಂಡಿನ ಇಂಗಾಲದಲ್ಲಿ ಶೇ 60ಕ್ಕೂ ಹೆಚ್ಚು ಇತ್ತೀಚಿನದಾಗಿರಬೇಕು. ಅದು 1532ರ ಬೆಂಕಿಯಲ್ಲೇ ಸೇರಿಕೊಂಡಿತೆಂದರೆ ಮುಕ್ಕಾಲು ಭಾಗದಷ್ಟು ಬೇಕು. ಅಂದರೆ ಬಟ್ಟೆಗಿಂತ ಕೊಳೆಯೇ ಹೆಚ್ಚು ಇರಬೇಕು, ಅದೂ ತೊಳೆದ ಮೇಲೆ. ಕಣ್ಣಿಗೆ ಬೀಳದೆ ಇರಲು ಸಾಧ್ಯವಿಲ್ಲದ ಪ್ರಮಾಣ ಅದು.

ಎರಡನೆಯದು ಇದಕ್ಕಿಂತ ಜಾಣತನದ ಆಕ್ಷೇಪ. ಕತ್ತರಿಸಿದ ಮೂಲೆ ಮೂಲ ಬಟ್ಟೆಯದೇ ಅಲ್ಲ, ಮಧ್ಯಯುಗದಲ್ಲಿ ಹೊಸ ಎಳೆ ಸೇರಿಸಿ ಕಣ್ಣಿಗೆ ಕಾಣದಂತೆ ರಫು ಹಾಕಿದ ಭಾಗ ಎನ್ನುವುದು. ರಸಾಯನವಿಜ್ಞಾನಿ ರೇಮಂಡ್ ರಾಜರ್ಸ್ 2005ರಲ್ಲಿ ಇದಕ್ಕೆ ಬೆಂಬಲವಾಗಿ ಪ್ರಬಂಧ ಬರೆದರು. ಅಗಸೆ ನಾರಿನಲ್ಲಿರುವ ವೆನಿಲಿನ್ ಎಂಬ ಅಂಶ ಕಾಲ ಕಳೆದಂತೆ ಮಾಯವಾಗುತ್ತದೆ, ಮೂಲೆಯ ಎಳೆಯಲ್ಲಿ ಅದು ಇದೆ, ಉಳಿದೆಡೆ ಇಲ್ಲ ಎಂದರು. ಇದಕ್ಕೆ ಎದುರಾಗಿ ನಿಂತವರು ಬಟ್ಟೆಯನ್ನೇ ಕೈಯಲ್ಲಿ ಹಿಡಿದು ಕೆಲಸ ಮಾಡಿದವರು. 2002ರಲ್ಲಿ ತೇಪೆಗಳನ್ನು ಬಿಚ್ಚಿ ಹಿಂಬದಿಯಿಂದಲೂ ನೋಡಿದ ನೇಯ್ಗೆ ತಜ್ಞೆ ಮೆಖ್ತಿಲ್ಡ್ ಫ್ಲೂರಿ-ಲೆಂಬರ್ಗ್, ಅಂಥ ರಫುವಿನ ಸುಳಿವೇ ಇಲ್ಲವೆಂದರು. ಮುಂಬದಿಯಿಂದ ಎಷ್ಟೇ ಚೆನ್ನಾಗಿ ರಫು ಹಾಕಿದರೂ ಹಿಂಬದಿಯಲ್ಲಿ ಎಳೆಯ ತುದಿಗಳು ಸಿಕ್ಕಿಬೀಳುತ್ತವೆ. 2010ರಲ್ಲಿ ಅರಿಜೋನಾದಲ್ಲಿ ಉಳಿಸಿಟ್ಟಿದ್ದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೂ ಅದೇ ಉತ್ತರ ಬಂತು.

ಮೂರನೆಯ ಆಕ್ಷೇಪದಲ್ಲಿ ಮಾತ್ರ ನಿಜಕ್ಕೂ ಹುರುಳಿದೆ. ಆಕ್ಸ್‌ಫರ್ಡ್‌ಗೆ ಬಂದ ವಯಸ್ಸು 750 ವರ್ಷ, ಜೂರಿಕ್‌ಗೆ 676, ಅರಿಜೋನಾಗೆ 646. ಒಂದೇ ಪಟ್ಟಿಯ ಅಕ್ಕಪಕ್ಕದ ತುಂಡುಗಳಿಗೆ ಇಷ್ಟು ಅಂತರ ಇರಬಾರದಿತ್ತು. ಮೂಲ ಅಂಕಿಅಂಶಗಳನ್ನು ಕಾನೂನಿನ ಮೂಲಕ ಕೇಳಿ ಪಡೆದ ಸಂಶೋಧಕರು 2019ರಲ್ಲಿ ಅವನ್ನು ಮರುಪರಿಶೀಲಿಸಿ, ಫಲಿತಾಂಶಗಳು ಪರಸ್ಪರ ಹೊಂದುವುದಿಲ್ಲ, ಶೇ 95ರ ಖಚಿತತೆ ಎಂದದ್ದು ಅತಿಯಾಯಿತು ಎಂದು ತೋರಿಸಿದರು. ಇದು ನ್ಯಾಯವಾದ ಟೀಕೆ. ಆದರೆ ಅದರಿಂದ ಸಿಗುವುದೆಷ್ಟು ಎಂದು ನೋಡಬೇಕು. ಮೂರರಲ್ಲಿ ಅತಿ ಹಳೆಯ ಅಂಕಿಯನ್ನೇ ಹಿಡಿದರೂ ಬಟ್ಟೆ 13ನೇ ಶತಮಾನಕ್ಕೆ ನಿಲ್ಲುತ್ತದೆ. ನೂರು ವರ್ಷದ ತಕರಾರು ಸಾವಿರದ ಇನ್ನೂರು ವರ್ಷದ ಕಂದಕವನ್ನು ಮುಚ್ಚುವುದಿಲ್ಲ.

ಕ್ಷ-ಕಿರಣ ಹೇಳಿದ 2,000 ವರ್ಷ

2024ರಲ್ಲಿ ಓಡಾಡಿದ ಸುದ್ದಿಯ ಮೂಲ 2022ರಲ್ಲೇ ಪ್ರಕಟವಾಗಿದ್ದ ಪ್ರಬಂಧ. ಇಟಲಿಯ ಲಿಬೆರಾತೊ ದೆ ಕಾರೊ ಮತ್ತು ಸಂಗಡಿಗರು ಬಟ್ಟೆಯ ಒಂದು ಮಿಲಿಮೀಟರ್‌ನಷ್ಟು ಚೂರಿಗೆ ಕ್ಷ-ಕಿರಣ ಹಾಯಿಸಿ, ನಾರಿನೊಳಗಿನ ಸೆಲ್ಯುಲೋಸ್ ಎಷ್ಟು ಸವೆದಿದೆ ಎಂದು ಅಳೆದರು. ಇಸ್ರೇಲಿನ ಮಸಾದಾ ಕೋಟೆಯಲ್ಲಿ ಸಿಕ್ಕ ಒಂದನೇ ಶತಮಾನದ ಬಟ್ಟೆಯ ಸವೆತಕ್ಕೆ ಇದು ಹೋಲುತ್ತದೆ ಎಂಬುದು ಅವರು ಕಂಡದ್ದು.

ಈ ವಿಧಾನದ ಕಷ್ಟ ಹೀಗಿದೆ. ಇಂಗಾಲ-14 ಕರಗುವ ವೇಗ ಬಿಸಿಲು, ಚಳಿ, ತೇವ ಯಾವುದಕ್ಕೂ ಬಗ್ಗುವುದಿಲ್ಲ. ಸೆಲ್ಯುಲೋಸ್ ಸವೆಯುವ ವೇಗ ಪೂರ್ತಿಯಾಗಿ ಅವನ್ನೇ ನೆಚ್ಚಿದೆ. ಪೆಟ್ಟಿಗೆಯಲ್ಲಿ ತಣ್ಣಗಿಟ್ಟ ರೇಷ್ಮೆ ಸೀರೆಯೂ ಅಟ್ಟದ ಮೇಲೆ ಬಿಸಿಗೆ ಬಿದ್ದಿದ್ದ ಸೀರೆಯೂ ಒಂದೇ ವಯಸ್ಸಿನವಾದರೂ ಒಂದೇ ರೀತಿ ಇರುವುದಿಲ್ಲವಲ್ಲ, ಹಾಗೆ. ಆ ಪ್ರಬಂಧದ ಲೆಕ್ಕ ಕೂಡ ಷರತ್ತಿನದೇ: ಯುರೋಪಿಗೆ ಬರುವ ಮುನ್ನ 13 ಶತಮಾನ ಕಾಲ ಬಟ್ಟೆ 20ರಿಂದ 22.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಶೇ 55ರಿಂದ 75ರ ತೇವಾಂಶದಲ್ಲಿ ಇದ್ದಿದ್ದರೆ ಮಾತ್ರ. ಆ 13 ಶತಮಾನ ಬಟ್ಟೆ ಎಲ್ಲಿತ್ತು ಎಂಬುದೇ ವಿವಾದದ ತಿರುಳು. ತೀರ್ಮಾನವಾಗಬೇಕಾದದ್ದನ್ನೇ ಮೊದಲು ಒಪ್ಪಿಕೊಂಡಂತಾಯಿತು. ಜೊತೆಗೆ ಬೆಳ್ಳಿ ಕರಗುವಷ್ಟು ಬಿಸಿ ಕಂಡ ಬಟ್ಟೆ ಇದು. ಪ್ರಬಂಧದವರೇ ಇನ್ನಷ್ಟು ಪರೀಕ್ಷೆ ಬೇಕು ಎಂದಿದ್ದಾರೆ. ಸುದ್ದಿಯಲ್ಲಿ ಬಿಟ್ಟುಹೋದದ್ದು ಆ ಮಾತು.

ದೇಹವೋ, ಉಬ್ಬುಶಿಲ್ಪವೋ

ಇನ್ನು ಚಿತ್ರದ ವಿಷಯ. 2025ರಲ್ಲಿ ಬ್ರೆಜಿಲ್‌ನ ಸಿಸೆರೊ ಮೊರಾಯಿಸ್, ಒಂದು ಮನುಷ್ಯ ದೇಹ ಮತ್ತು ಒಂದು ತೆಳು ಉಬ್ಬುಶಿಲ್ಪ ಎರಡನ್ನೂ ಕಂಪ್ಯೂಟರಿನಲ್ಲಿ ರಚಿಸಿ, ಎರಡರ ಮೇಲೂ ಬಟ್ಟೆ ಹೊದಿಸಿ, ತಾಗಿದ ಜಾಗಗಳನ್ನು ಗುರುತಿಸಿ, ಬಟ್ಟೆಯನ್ನು ಮತ್ತೆ ಚಪ್ಪಟೆಯಾಗಿ ಹರಡಿದರು. ದೇಹದಿಂದ ಬಂದ ಗುರುತು ಅಡ್ಡಕ್ಕೆ ಊದಿಕೊಂಡಿತ್ತು. ಉಬ್ಬುಶಿಲ್ಪದಿಂದ ಬಂದದ್ದು ಟ್ಯೂರಿನ್ ಚಿತ್ರಕ್ಕೆ ಹತ್ತಿರವಾಗಿತ್ತು.

ಕಾರಣ ತಿಳಿಯಲು ಕಂಪ್ಯೂಟರೂ ಬೇಡ. ಮುಖಕ್ಕೆ ಅರಿಶಿನ ಕಲಸಿ ಹಚ್ಚಿಕೊಂಡು, ತೆಳು ಬಿಳಿ ಬಟ್ಟೆಯನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಒತ್ತಿ ತೆಗೆದು, ಮೇಜಿನ ಮೇಲೆ ಹರಡಿ ನೋಡಿ. ಮೂಗು ಮಧ್ಯದಲ್ಲಿ, ಕೆನ್ನೆಗಳು ಎರಡೂ ಕಡೆ ದೂರ ಸರಿದು, ಮುಖ ಕುಂಬಳಕಾಯಿಯಷ್ಟು ಅಗಲವಾಗಿರುತ್ತದೆ. ದುಂಡಗಿನ ವಸ್ತುವಿನ ಸುತ್ತಳತೆ ಅದರ ಅಗಲಕ್ಕಿಂತ ಹೆಚ್ಚು, ಅಷ್ಟೇ. ಟ್ಯೂರಿನ್‌ನ ಮುಖ ಅಗಲವಾಗಿಲ್ಲ, ಎದುರಿನಿಂದ ತೆಗೆದ ಫೋಟೊದಂತಿದೆ.

ಟ್ಯೂರಿನ್‌ನ ಶವವಸ್ತ್ರ ಅಧ್ಯಯನ ಕೇಂದ್ರದವರು ಇದರಲ್ಲಿ ಹೊಸದೇನಿಲ್ಲ ಎಂದರು. ಆ ಮಾತು ಸರಿ. ಈ ವಾದ ಹಳೆಯದು. ಹಳೆಯದೆಂಬ ಕಾರಣಕ್ಕೆ ಅದು ತಪ್ಪಾಗುವುದಿಲ್ಲ. ಆದರೆ ಮೊರಾಯಿಸ್ ಪ್ರಯೋಗ ಒರಟಾದ ಒತ್ತುಗುರುತಿನ ಬಗ್ಗೆ ಮಾತ್ರ ಹೇಳುತ್ತದೆ. ಬಟ್ಟೆಯ ವಯಸ್ಸನ್ನಾಗಲಿ, ನಾರಿನ ಮೇಲ್ಮೈ ಮಾತ್ರ ಹಳದಿಯಾಗಿದ್ದು ಹೇಗೆ ಎಂಬುದನ್ನಾಗಲಿ ಅದು ಮುಟ್ಟುವುದಿಲ್ಲ.

ಆ ಕೊನೆಯ ಪ್ರಶ್ನೆ ಇನ್ನೂ ತೆರೆದೇ ಇದೆ, ಇದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. 1978ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡ ಹಗಲೂ ರಾತ್ರಿ ಐದು ದಿನ ಬಟ್ಟೆಯನ್ನು ಪರೀಕ್ಷಿಸಿತು. 1981ರ ಅವರ ವರದಿ, ಚಿತ್ರವನ್ನು ವಿವರಿಸುವಷ್ಟು ಬಣ್ಣವೇನೂ ಸಿಗಲಿಲ್ಲ, ಇದು ಕಲಾವಿದನ ಕೆಲಸವಲ್ಲ, ಕಲೆಗಳು ರಕ್ತದವು, ಚಿತ್ರ ಮೂಡಿದ ಬಗೆ ಮಾತ್ರ ಬಿಡಿಸದ ಒಗಟು ಎಂದಿತು. ಅದೇ ತಂಡ ತೆಗೆದ ಅಂಟುಪಟ್ಟಿಗಳನ್ನು ನೋಡಿದ ಸೂಕ್ಷ್ಮದರ್ಶಕ ತಜ್ಞ ವಾಲ್ಟರ್ ಮೆಕ್ರೋನ್, ಕೆಮ್ಮಣ್ಣು ಮತ್ತು ಇಂಗುಲೀಕದ ಕಣಗಳಿವೆ, ಇದು ಬಣ್ಣದ ಚಿತ್ರವೇ ಎಂದರು. 2009ರಲ್ಲಿ ಇಟಲಿಯ ಲುಯಿಜಿ ಗಾರ್ಲಾಸ್ಕೆಲ್ಲಿ ಮಧ್ಯಯುಗದಲ್ಲಿ ಸಿಗುತ್ತಿದ್ದ ಸಾಮಗ್ರಿಗಳಿಂದಲೇ ಒಂದು ಪೂರ್ಣ ಪ್ರತಿ ಮಾಡಿ ತೋರಿಸಿದರು. ಕಣ್ಣಿಗೆ ಬಹಳ ಹತ್ತಿರ, ಆದರೆ ಸೂಕ್ಷ್ಮದರ್ಶಕದಡಿ ಪೂರ್ತಿ ಹೊಂದುವುದಿಲ್ಲ ಎಂದು ಎದುರು ಪಕ್ಷದ ಆಕ್ಷೇಪ. ಒಂದು ವಸ್ತು ಹೇಗೆ ತಯಾರಾಯಿತೆಂದು ತಿಳಿಯದಿದ್ದರೂ ಯಾವಾಗಿನದೆಂದು ತಿಳಿಯಬಹುದು. ಎಷ್ಟೋ ಹಳೆಯ ಕುಶಲಕೆಲಸಗಳ ಗುಟ್ಟು ಮಾಡಿದವರೊಂದಿಗೇ ಹೋಗಿದೆ.

ಒರೆಮ್ ಬರೆದಿಟ್ಟ ಸಾಲುಗಳು

2025ರ ಮೂರನೇ ಸುದ್ದಿಯೇ ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕದ್ದು. ನಿಕೊಲ್ ಒರೆಮ್ 14ನೇ ಶತಮಾನದ ಫ್ರಾನ್ಸ್‌ನ ದೊಡ್ಡ ತಲೆ: ಗಣಿತ, ಭೌತವಿಜ್ಞಾನ, ಹಣಕಾಸು ಎಲ್ಲದರ ಮೇಲೂ ಬರೆದವರು, ಮುಂದೆ ಸ್ವತಃ ಬಿಷಪ್ ಆದವರು. ಪವಾಡವೆನಿಸುವ ಸಂಗತಿಗಳಿಗೆ ಸಹಜ ಕಾರಣ ಹುಡುಕುವ ಅವರ ಬರಹವೊಂದರಲ್ಲಿ, ಕಾಣಿಕೆಯ ಆಸೆಗೆ ಪಾದ್ರಿಗಳು ಜನರನ್ನು ವಂಚಿಸುವುದಕ್ಕೆ ಉದಾಹರಣೆಯಾಗಿ ಕ್ರಿಸ್ತನ ಶವವಸ್ತ್ರ ತಮ್ಮಲ್ಲಿದೆ ಎನ್ನುವ ಚರ್ಚಿನ ಪ್ರಸ್ತಾಪ ಬರುತ್ತದೆ. ಅದು ಲಿರೆಯೇ ಎಂದು ಇತಿಹಾಸಕಾರ ನಿಕೊಲಾ ಸರ್ಜೊ ತೋರಿಸಿದ್ದಾರೆ.

ಇದು ಯಾಕೆ ಮುಖ್ಯ? ಬಿಷಪ್ ದಾರ್ಸಿಯ ದೂರನ್ನು ಬಟ್ಟೆಯ ಪರ ವಾದಿಗಳು ಇದುವರೆಗೆ ಸುಲಭವಾಗಿ ತಳ್ಳಿಹಾಕುತ್ತಿದ್ದರು. ಅದು ಸಹಿಯಿಲ್ಲದ ಕರಡು, ಹಿಂದಿನ ಬಿಷಪ್ಪರ ವಿಚಾರಣೆಯ ಕಡತ ಸಿಕ್ಕಿಲ್ಲ, ದಾರ್ಸಿಗೆ ಲಿರೆಯ ಆದಾಯದ ಮೇಲೆ ಹೊಟ್ಟೆಕಿಚ್ಚು ಎನ್ನುತ್ತಿದ್ದರು. ಒರೆಮ್‌ಗೆ ಟ್ರಾಯ್‌ನ ಜಗಳದಲ್ಲಿ ಪಾಲಿರಲಿಲ್ಲ. ಅವರು ಸತ್ತದ್ದು 1382ರಲ್ಲಿ, ಅಂದರೆ ದಾರ್ಸಿಯ ದೂರಿಗೂ ಏಳು ವರ್ಷ ಮೊದಲು. ಲಿರೆಯ ಬಟ್ಟೆ ಮೋಸವೆಂಬ ಮಾತು ಆಗಲೇ ತಿಳಿದವರ ನಡುವೆ ಇತ್ತೆಂದು ಇದರಿಂದ ಗೊತ್ತಾಗುತ್ತದೆ.

ನಡುವೆ ಭಾರತದ ಹೆಸರು

ಬಟ್ಟೆ ಭಾರತದಲ್ಲಿ ನೆಯ್ದದ್ದು ಎಂಬ ಸುದ್ದಿಯೂ ಆಗಾಗ ತಲೆ ಎತ್ತುತ್ತದೆ. ಅದರ ಮೂಲ 2015ರ ಒಂದು ಡಿಎನ್‌ಎ ಅಧ್ಯಯನ. ಬಟ್ಟೆಯಿಂದ ಹೀರಿ ತೆಗೆದ ಧೂಳಿನಲ್ಲಿ ಹಲವು ದೇಶಗಳ ಮನುಷ್ಯರ ವಂಶವಾಹಿ ಗುರುತುಗಳು ಸಿಕ್ಕವು, ಭಾರತದ ಕಡೆಯವೂ ಇದ್ದವು. ಸುವಾರ್ತೆಗಳಲ್ಲಿ ಈ ವಸ್ತ್ರಕ್ಕೆ ಬಳಸಿದ ಗ್ರೀಕ್ ಪದ ‘ಸಿಂದೊನ್’. ಅದು ಸಿಂಧು ಎಂಬ ಹೆಸರಿನಿಂದ ಬಂದಿರಬಹುದೆಂಬ ಊಹೆಯನ್ನೂ ಇದಕ್ಕೆ ಜೋಡಿಸಲಾಯಿತು. ಆದರೆ ಅದೇ ಧೂಳಿನಲ್ಲಿ ಅಮೆರಿಕ ಖಂಡದ ಗಿಡಗಳ ಅಂಶವೂ ಇತ್ತು. ಅವು ಯುರೋಪಿಗೆ ಬಂದದ್ದೇ ಕೊಲಂಬಸ್ ನಂತರ. ಧೂಳು ಹೇಳುವುದು ಬಟ್ಟೆಯ ಹತ್ತಿರ ಯಾರು ಯಾರು ಸುಳಿದರು ಎಂಬುದನ್ನು. ಮಗ್ಗ ಎಲ್ಲಿತ್ತು ಎಂಬುದನ್ನಲ್ಲ.

ಆದರೂ ಜನ ಯಾಕೆ ಹೋಗುತ್ತಾರೆ

1898ರ ಮೇ 28ರ ರಾತ್ರಿ ವಕೀಲ ಸೆಕೊಂದೊ ಪಿಯಾ, ಪ್ರದರ್ಶನಕ್ಕಿಟ್ಟ ಬಟ್ಟೆಯ ಫೋಟೊ ತೆಗೆದು ಗಾಜಿನ ಫಲಕವನ್ನು ತೊಳೆಯುತ್ತಿದ್ದರು. ನೆಗೆಟಿವ್‌ನಲ್ಲಿ ಮುಖಗಳು ವಿಕಾರವಾಗಿ ಕಾಣಬೇಕು. ಇಲ್ಲಿ ತಿರುಗುಮುರುಗಾಯಿತು. ಬಟ್ಟೆಯ ಮೇಲೆ ಮಸುಕಾಗಿದ್ದ ಮುಖ ನೆಗೆಟಿವ್‌ನಲ್ಲಿ ಕಣ್ಣು ಮುಚ್ಚಿದ, ಶಾಂತವಾದ, ನೆರಳು ಬೆಳಕು ತುಂಬಿದ ಮುಖವಾಗಿ ಎದ್ದುಬಂತು. ಇಂದು ಪ್ರಾರ್ಥನಾ ಪುಸ್ತಕಗಳಲ್ಲಿ, ಮನೆಯ ಗೋಡೆಗಳಲ್ಲಿ ಕಾಣುವುದು ಆ ನೆಗೆಟಿವ್ ರೂಪವೇ. ಅಲ್ಲಿಯವರೆಗೆ ಸವೊಯ್ ಮನೆತನದ ಆಸ್ತಿಯಾಗಿದ್ದ ಬಟ್ಟೆ ಆಮೇಲೆ ಜಗತ್ತಿನ ಆಸ್ತಿಯಾಯಿತು. ಮೊಳೆಯ ಗುರುತು ಅಂಗೈಯಲ್ಲಿಲ್ಲದೆ ಮಣಿಕಟ್ಟಿನಲ್ಲಿರುವುದು, ಬೆನ್ನ ತುಂಬ ಚಾಟಿಯ ಬರೆಗಳಿರುವುದು ವೈದ್ಯರನ್ನೂ ಸೆಳೆಯಿತು. ಶಿಲುಬೆಯ ಮರಣ ಎಂದರೆ ಏನೆಂಬುದನ್ನು ಇಷ್ಟು ನೇರವಾಗಿ ಎದುರಿಗಿಡುವ ಚಿತ್ರ ಬೇರೆ ಸಿಗುವುದು ಕಷ್ಟ. 2010ರ ಪ್ರದರ್ಶನಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಬಂದವರಲ್ಲಿ 1988ರ ಫಲಿತಾಂಶ ತಿಳಿಯದವರು ಎಷ್ಟು ಮಂದಿ ಇದ್ದಾರು?

ಚರ್ಚ್ ಕೂಡ ಇದು ಅಸಲಿ ಎಂದು ಅಧಿಕೃತವಾಗಿ ಸಾರಿಲ್ಲ. 1988ರ ಅಕ್ಟೋಬರ್ 13ರಂದು ಕಾರ್ಬನ್ ಫಲಿತಾಂಶವನ್ನು ಪ್ರಕಟಿಸಿದ್ದೇ ಟ್ಯೂರಿನ್‌ನ ಕಾರ್ಡಿನಲ್ ಬಾಲೆಸ್ಟ್ರೆರೊ. ಎರಡನೇ ಜಾನ್ ಪಾಲ್ 1998ರಲ್ಲಿ ಅದನ್ನು ಸುವಾರ್ತೆಯ ಕನ್ನಡಿ ಎಂದು ಕರೆದು, ವಯಸ್ಸಿನ ಪ್ರಶ್ನೆಯಲ್ಲಿ ಚರ್ಚ್‌ಗೆ ಪರಿಣತಿ ಇಲ್ಲ, ಅದು ವಿಜ್ಞಾನಿಗಳ ಕೆಲಸ ಎಂದರು. ಆಮೇಲಿನ ಪೋಪ್‌ಗಳು ‘ಐಕಾನ್’ ಎಂಬ ಪದ ಬಳಸಿದರು, ಅಂದರೆ ಧ್ಯಾನಕ್ಕೆ ನೆರವಾಗುವ ಚಿತ್ರ. ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರದ ದರ್ಶನಕ್ಕೆ ಮಂಗಳೂರಿನಿಂದ ಹೋಗುವವರ ಮುಂದೆ ಇರುವುದು ಒಬ್ಬ ವ್ಯಕ್ತಿಯ ದೇಹ. ಅಲ್ಲಿ ವಸ್ತುವೇ ಅವಶೇಷ. ಟ್ಯೂರಿನ್‌ನಲ್ಲಿ ಚರ್ಚ್ ಮಾತಾಡುವುದು ಚಿತ್ರದ ಬಗ್ಗೆ. ಆರುನೂರು ವರ್ಷ ಹಿಂದೆ ಏಳನೇ ಕ್ಲೆಮೆಂಟ್ ಹಾಕಿದ ಷರತ್ತಿನಿಂದ ಇದು ಬಹಳ ದೂರವೇನೂ ಇಲ್ಲ.

ಇನ್ನೊಮ್ಮೆ ಪರೀಕ್ಷೆ ಯಾಕಿಲ್ಲ

1986ರಲ್ಲಿ ಟ್ಯೂರಿನ್‌ನಲ್ಲಿ ಸೇರಿ ಒಪ್ಪಿಕೊಂಡ ಮೂಲ ಯೋಜನೆಯಲ್ಲಿ ಏಳು ಪ್ರಯೋಗಾಲಯಗಳಿದ್ದವು, ಎರಡು ಬೇರೆ ಬೇರೆ ಎಣಿಕೆ ವಿಧಾನಗಳಿದ್ದವು. ಅದನ್ನು ಮೂರು ಪ್ರಯೋಗಾಲಯ, ಒಂದೇ ವಿಧಾನ, ಒಂದೇ ಮೂಲೆಗೆ ಇಳಿಸಿದ್ದು ದೊಡ್ಡ ತಪ್ಪು. ಎರಡು ಮೂರು ಜಾಗದಿಂದ ತುಂಡು ತೆಗೆದಿದ್ದರೆ ರಫುವಿನ ವಾದಕ್ಕೆ ಎಡೆಯೇ ಇರುತ್ತಿರಲಿಲ್ಲ. ಮೂಲ ಅಂಕಿಅಂಶಗಳನ್ನು ಅಂದೇ ಪೂರ್ತಿ ಪ್ರಕಟಿಸಿದ್ದರೆ ಮೂವತ್ತು ವರ್ಷ ಗುಮಾನಿಯೂ ಬೆಳೆಯುತ್ತಿರಲಿಲ್ಲ.

ಬಟ್ಟೆ ಈಗ ಟ್ಯೂರಿನ್ ಕೆಥೆಡ್ರಲ್‌ನಲ್ಲಿ, ಗಾಳಿಯಾಡದ ಪೆಟ್ಟಿಗೆಯೊಳಗೆ, ಆರ್ಗಾನ್ ಅನಿಲದಲ್ಲಿ, ಮಡಿಕೆಯಿಲ್ಲದೆ ಅಡ್ಡಲಾಗಿ ಮಲಗಿದೆ. ಕತ್ತರಿ ಮುಟ್ಟಿಸಲು ಅನುಮತಿ ಸಿಗುವುದು ಕಷ್ಟವೇ. ಆದರೆ ಹೊಸದಾಗಿ ಕತ್ತರಿಸುವ ಅಗತ್ಯವೂ ಇಲ್ಲ. 2002ರಲ್ಲಿ ತೇಪೆ ಬಿಚ್ಚಿದಾಗ ತೂತುಗಳ ಅಂಚಿನಿಂದ ಕೆರೆದು ತೆಗೆದ ಕರಿಕಲು ಚೂರುಗಳನ್ನು ಪ್ರತ್ಯೇಕವಾಗಿ ಕೂಡಿಟ್ಟಿದ್ದಾರೆ. ಇದ್ದಿಲಾದ ನಾರನ್ನು ಆಮ್ಲ, ಕ್ಷಾರದಲ್ಲಿ ಇನ್ನೂ ಕಟುವಾಗಿ ತೊಳೆಯಬಹುದು. ಆ ತೂತುಗಳು ಮೂಲೆಯಲ್ಲಿಲ್ಲ, ಬಟ್ಟೆಯ ಉದ್ದಕ್ಕೂ ಹರಡಿವೆ. ಈಗಿನ ಯಂತ್ರಗಳಿಗೆ ಕೆಲವೇ ಮಿಲಿಗ್ರಾಂ ಸಾಕು. ಅಂಥ ನಾಲ್ಕಾರು ಚೂರುಗಳನ್ನು ಬೇರೆ ಬೇರೆ ಪ್ರಯೋಗಾಲಯಗಳಿಗೆ ಕಳಿಸಿದರೆ ವಯಸ್ಸಿನ ಪ್ರಶ್ನೆ ಒಂದೆರಡು ತಿಂಗಳಲ್ಲಿ ಮುಗಿಯುತ್ತದೆ. ಕೊಡುವ ಅಧಿಕಾರ ಇರುವುದು ಒಡೆಯರಾದ ಪೋಪ್‌ಗೆ.